ನೀರು ಇಳಿದ ಮೇಲೆ ಉಳಿಯುವ ಹೊಣೆ

(ನೆರೆ ಸಂತ್ರಸ್ತ ರೈತ ಕುಟುಂಬಗಳಿಗೆ ನೆರವು ಎಂಬ ವಿಷಯದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇಂದು ನಿಮ್ಮ ಮುಂದೆ ಇಡಬಯಸುವುದು ಒಂದೇ ಮಾತು. ನೆರೆ ಬಂದ ದಿನ ಕೊಡುವುದು ನಮಗೆ ಗೊತ್ತಿದೆ. ಅನ್ನದ ಪೊಟ್ಟಣ, ನೀರಿನ ಬಾಟಲಿ, ಹೊದಿಕೆ ಇವುಗಳನ್ನು ಹೊತ್ತುಕೊಂಡು ಓಡುವ ಯುವಕರಿಗೆ ನಮ್ಮ ಓಣಿಗಳಲ್ಲಿ ಕೊರತೆಯಿಲ್ಲ. ಅಲ್ಲಾಹನು ಅವರ ಶ್ರಮಕ್ಕೆ ಉತ್ತಮ ಪ್ರತಿಫಲ ನೀಡಲಿ. ಆದರೆ ನೆರೆ ಬರುವ ಮುನ್ನ ಕೂಡಿಡುವುದು ಮತ್ತು ನೀರು ಇಳಿದ ನಂತರ ಕೊಡುವುದು ನಮಗಿನ್ನೂ ರೂಢಿಯಾಗಿಲ್ಲ. ರೈತನ ಬದುಕು ಮುರಿಯುವುದೋ ನಿಲ್ಲುವುದೋ ಎಂಬುದು ತೀರ್ಮಾನವಾಗುವುದು ಆ ನಂತರದ ತಿಂಗಳುಗಳಲ್ಲಿ. ಆದ್ದರಿಂದ ಇಂದು ದಾನದ ಮಹತ್ವದ ಕುರಿತು ಮಾತ್ರವಲ್ಲ, ದಾನದ ಸಮಯದ ಕುರಿತೂ ನಾವು ಯೋಚಿಸಬೇಕಾಗಿದೆ.

ಕನ್ನಡದಲ್ಲಿ ನೆರೆ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಉಕ್ಕಿ ಬರುವ ನೀರೂ ನೆರೆಯೇ, ಪಕ್ಕದ ಮನೆಯೂ ನೆರೆಯೇ. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿವರ್ಯರು(ಸ) ಎಷ್ಟು ಒತ್ತಿ ಹೇಳಿದ್ದಾರೆಂಬುದನ್ನು ನೀವು ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೀರಿ. ಆ ಹಕ್ಕಿಗೆ ಧರ್ಮದ ಗೆರೆಯಿಲ್ಲ. ಹಾಗಾದರೆ ನದಿಯ ದಂಡೆಯ ರೈತ ಪಟ್ಟಣದ ನಮಗೆ ನೆರೆಯವನು ಹೇಗೆ ಎಂಬುದನ್ನು ಮೊದಲು ನೋಡೋಣ.

ಮೂರು ತಾಲೂಕು, ಒಂದು ನೀರು

ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು ಇದೆ. ಸುಮಾರು 51 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಈ ರಾಜಾ ಲಖಮಗೌಡ ಜಲಾಶಯವೇ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಲಕ್ಷಾಂತರ ಎಕರೆ ಹೊಲಗಳಿಗೆ ಜೀವಾಳ. ಮಹಾರಾಷ್ಟ್ರದ ಅಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿ ಸಂಕೇಶ್ವರದ ಪಕ್ಕದಲ್ಲಿ ಹರಿದು, ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಸೇರುತ್ತದೆ. ಇನ್ನೂ ಕೆಳಗೆ ಗೋಕಾಕದ ಬಳಿ ಮಾರ್ಕಂಡೇಯ ನದಿ ಬಂದು ಕೂಡುತ್ತದೆ. ಹೀಗೆ ಕೂಡಿದ ನೀರು ಮೂಡಲಗಿ ತಾಲೂಕಿನ ದಂಡೆಯ ಗ್ರಾಮಗಳನ್ನು ಹಾದು ಮುಧೋಳದ ಕಡೆಗೆ ಸಾಗುತ್ತದೆ.

ಘಟ್ಟದ ಮೇಲೆ ನಾಲ್ಕೈದು ದಿನ ಬಿಡದೆ ಮಳೆ ಸುರಿದರೆ ಈ ಮೂರೂ ನದಿಗಳು ಒಟ್ಟಿಗೆ ತುಂಬುತ್ತವೆ. ಜಲಾಶಯ ಆಗಲೇ ತುಂಬಿದ್ದರೆ ನೀರನ್ನು ಬಿಡದೆ ಗತ್ಯಂತರವಿರುವುದಿಲ್ಲ. ಬಿಟ್ಟ ನೀರಿಗೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯದ ನೀರು ಸೇರಿ, ಕೆಳಗಿನ ಊರುಗಳಿಗೆ ಮೂರು ನದಿಗಳ ಭಾರ ಒಮ್ಮೆಲೇ ಬೀಳುತ್ತದೆ. ಗೋಕಾಕದಲ್ಲಿ ಒಂದು ಹನಿ ಮಳೆಯಿಲ್ಲದ ದಿನವೂ ಲೋಳಸೂರ ಸೇತುವೆಯ ಮೇಲೆ ನೀರು ಹರಿಯಬಹುದು. ಪ್ರವಾಸಿಗರು ಜಲಪಾತದ ಸೊಬಗು ನೋಡಿ ಹಿಗ್ಗುವ ಹೊತ್ತಿನಲ್ಲಿ ಅದೇ ನೀರು ಕೆಳಗಿನ ರೈತನ ಕಬ್ಬಿನ ಸುಳಿಯ ಮೇಲೆ ನಿಂತಿರುತ್ತದೆ.

2019ರ ಆಗಸ್ಟ್ ತಿಂಗಳನ್ನು ನೀವು ಮರೆತಿರಲಾರಿರಿ. ಆ ವರ್ಷದ ಬೇಸಿಗೆಯಲ್ಲಿ ಉತ್ತರ ಕರ್ನಾಟಕದ ಅನೇಕ ತಾಲೂಕುಗಳು ಬರಪೀಡಿತ ಪಟ್ಟಿಯಲ್ಲಿದ್ದವು. ಮಳೆಗಾಗಿ ಪ್ರಾರ್ಥಿಸಿದ ಜನರೇ ಆಗಸ್ಟ್ ಮೊದಲ ವಾರದ ಹೊತ್ತಿಗೆ ಮಳೆ ನಿಲ್ಲಲೆಂದು ಪ್ರಾರ್ಥಿಸಬೇಕಾಯಿತು. ಬಕ್ರೀದ್ ಹಬ್ಬ ಅದೇ ತಿಂಗಳ 12ರಂದು ಬಂತು. ಗೋಕಾಕದ ತಗ್ಗಿನ ಓಣಿಗಳು, ಸಂಕೇಶ್ವರದ ನದಿ ಬದಿಯ ಬಡಾವಣೆಗಳು, ಘಟಪ್ರಭೆಯ ದಂಡೆಯ ಹಳ್ಳಿಗಳು ನೀರಿನಲ್ಲಿದ್ದವು. ಹಬ್ಬದ ಹೊಸ ಬಟ್ಟೆ ಇರಬೇಕಾದ ಮನೆಗಳಲ್ಲಿ ಕೆಸರು ತುಂಬಿತ್ತು. 2021ರ ಜುಲೈಯಲ್ಲಿ ಮತ್ತೆ ನೀರು ಬಂತು. 2024ರ ಜುಲೈ ಕೊನೆಯಲ್ಲಿ ಮತ್ತೊಮ್ಮೆ ಬಂತು. ಅಂದರೆ ಇದು ಎಂದೋ ಒಮ್ಮೆ ಬರುವ ಅತಿಥಿಯಲ್ಲ. ಹೀಗೆ ಮರುಕಳಿಸುವ ಆಪತ್ತಿಗೆ ಪ್ರತಿಸಲವೂ ಹೊಸದಾಗಿ ಗಾಬರಿಯಾಗಿ ಚಂದಾ ಎತ್ತುವುದು ವಿವೇಕವಲ್ಲ.

ಕಣ್ಣಿಗೆ ಕಾಣದ ನಷ್ಟ

2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತ ಸಂಭವಿಸಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ನಾಡೆಲ್ಲ ಮಿಡಿಯಿತು. ದೂರದೂರುಗಳಿಂದ ನೆರವು ಹರಿದು ಬಂತು. ಅದು ಹಾಗೆಯೇ ಆಗಬೇಕಿತ್ತು. ಅದೇ ಜುಲೈ ಕೊನೆಯ ದಿನಗಳಲ್ಲಿ ಘಟಪ್ರಭೆಯೂ ಉಕ್ಕಿತ್ತು. ಅದರ ಸುದ್ದಿ ಜಿಲ್ಲೆಯ ಪುಟಗಳ ಆಚೆಗೆ ಹೆಚ್ಚೇನೂ ಹೋಗಲಿಲ್ಲ. ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಸಾವು ಕಣ್ಣಿಗೆ ಕಾಣುತ್ತದೆ, ಎದೆಗೆ ತಟ್ಟುತ್ತದೆ. ಹೊಲದ ನಷ್ಟ ಕಾಣುವುದಿಲ್ಲ. ನೀರು ಇಳಿದ ಮೇಲೆ ದೂರದಿಂದ ನೋಡಿದರೆ ಕಬ್ಬು ಇನ್ನೂ ಹಸಿರಾಗಿಯೇ ನಿಂತಿರುತ್ತದೆ. ಹತ್ತಿರ ಹೋಗಿ ಸುಳಿ ಎಳೆದರೆ ಮಾತ್ರ ಕೊಳೆತು ಕೈಗೆ ಬರುತ್ತದೆ.

ರೈತ ಕುಟುಂಬದ ಮನೆಯಿಂದ ಹೊಲದವರೆಗೆ ಒಮ್ಮೆ ಮನಸ್ಸಿನಲ್ಲೇ ನಡೆದು ನೋಡಿರಿ. ಮನೆಯೊಳಗೆ ಕೂಡಿಟ್ಟ ಜೋಳ ಮೊಳಕೆಯೊಡೆದು ಹುಳಿವಾಸನೆ ಬಂದಿರುತ್ತದೆ. ಬಣವೆಯ ಕಣಕಿ ಮತ್ತು ಹೊಟ್ಟು ಕೊಳೆತಿರುತ್ತದೆ. ದನಗಳಿಗೆ ಹಾಕಲು ಮೇವಿಲ್ಲ. ಕೆಸರಿನಲ್ಲಿ ನಿಂತು ನಿಂತು ಅವುಗಳ ಗೊರಸು ಹುಣ್ಣಾಗಿರುತ್ತದೆ. ಹೊಲದ ದಾರಿಯಲ್ಲಿ ವಿದ್ಯುತ್ ಕಂಬ ಉರುಳಿರುತ್ತದೆ. ನದಿಯ ದಂಡೆಯಲ್ಲಿದ್ದ ಮೋಟಾರಿನೊಳಗೆ ಹೂಳು ತುಂಬಿರುತ್ತದೆ. ಪೈಪುಗಳು ಎಲ್ಲೋ ಹೋಗಿರುತ್ತವೆ. ಕೆಲವು ಹೊಲಗಳಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿರುತ್ತದೆ, ಮತ್ತೆ ಕೆಲವು ಹೊಲಗಳಲ್ಲಿ ಮರಳು ಬಂದು ಕುಳಿತಿರುತ್ತದೆ. ಗೋವಿನಜೋಳ ಮತ್ತು ಸೋಯಾಬೀನ್ ನೆಲ ಹಿಡಿದಿರುತ್ತವೆ. ಅರಿಶಿಣದ ಗಡ್ಡೆ ಮಣ್ಣಿನೊಳಗೇ ಕೊಳೆಯತೊಡಗಿರುತ್ತದೆ.

ಕಬ್ಬಿನ ಲೆಕ್ಕ ಇನ್ನೂ ಕಠಿಣವಾದುದು. ಅದು ವರ್ಷದ ಬೆಳೆ. ಕಾರ್ಖಾನೆಗಳು ಕಬ್ಬು ಅರೆಯಲು ಆರಂಭಿಸುವುದು ಸಾಮಾನ್ಯವಾಗಿ ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ನೀರು ಬಂದಾಗ ರೈತನು ಬೀಜ, ಗೊಬ್ಬರ, ಕಳೆ, ಆಳು ಎಂದು ಖರ್ಚು ಮಾಡಬೇಕಾದುದನ್ನೆಲ್ಲ ಬಹುಪಾಲು ಮಾಡಿ ಮುಗಿಸಿರುತ್ತಾನೆ. ಖರ್ಚೆಲ್ಲ ಮುಗಿದು ಕೈಗೆ ಇನ್ನೂ ಒಂದು ರೂಪಾಯಿಯೂ ಬಂದಿರದ ಘಳಿಗೆಯಲ್ಲಿ ನೀರು ಬರುತ್ತದೆ. ಸಹಕಾರಿ ಸಂಘದ ಬೆಳೆಸಾಲವನ್ನು ಅದೇ ಬೆಳೆಯ ಭರವಸೆಯ ಮೇಲೆ ತಂದಿರುತ್ತಾನೆ. ಮನೆಯ ಹೆಂಗಸರು ಸ್ತ್ರೀಶಕ್ತಿ ಗುಂಪಿನಿಂದಲೋ ಮೈಕ್ರೋ ಫೈನಾನ್ಸ್ ಕಂಪೆನಿಯಿಂದಲೋ ಪಡೆದ ಸಾಲದ ಕಂತು ಪ್ರತಿ ವಾರ ಬಾಗಿಲು ಬಡಿಯುತ್ತದೆ. ಕಂತಿಗೆ ನೆರೆಯೂ ಗೊತ್ತಿಲ್ಲ, ಬರವೂ ಗೊತ್ತಿಲ್ಲ.

ಸರಕಾರದ ಪಟ್ಟಿಯ ಹೊರಗಿರುವವರು

ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹೌದು, ಮೊದಲ ಹೊಣೆ ಸರಕಾರದ್ದೇ. ಅದನ್ನು ನಾವು ಸಡಿಲಗೊಳಿಸಬಾರದು. 2019ರ ನೆರೆಯಿಂದಾದ ನಷ್ಟವನ್ನು ರಾಜ್ಯ ಸರಕಾರವು ಸುಮಾರು 35 ಸಾವಿರ ಕೋಟಿ ರೂಪಾಯಿಯೆಂದು ಅಂದಾಜಿಸಿತ್ತು. ಕೇಂದ್ರ ಸರಕಾರವು ಅಕ್ಟೋಬರ್ ತಿಂಗಳಲ್ಲಿ ಮಧ್ಯಂತರ ಪರಿಹಾರವೆಂದು ಬಿಡುಗಡೆ ಮಾಡಿದ್ದು 1,200 ಕೋಟಿ. ನೆರೆ ಬಂದು ಆಗಲೇ ಎರಡು ತಿಂಗಳಾಗಿದ್ದವು. ಇಂತಹ ವಿಳಂಬವನ್ನು ಪ್ರಶ್ನಿಸುವುದು ನಾಗರಿಕರ ಕರ್ತವ್ಯ. ನಾವು ಕೊಡುವ ದಾನವು ಆಳುವವರಿಗೆ ನುಣುಚಿಕೊಳ್ಳುವ ದಾರಿಯಾಗಬಾರದು. ಒಂದು ಕೈಯಲ್ಲಿ ಮನವಿ ಪತ್ರ, ಇನ್ನೊಂದು ಕೈಯಲ್ಲಿ ನೆರವು ಹಿಡಿದು ನಾವು ರೈತನ ಜೊತೆಗೆ ನಿಲ್ಲಬೇಕು.

ಆದರೆ ಸರಕಾರದ ಪರಿಹಾರ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಅರಿತರೆ, ನಮ್ಮ ಪಾಲಿನ ಕೆಲಸ ಎಲ್ಲಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. 2019ರಲ್ಲಿ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣದ ನೆರವೆಂದು 10 ಸಾವಿರ ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು. ಬೆಳೆ ಹಾನಿಗೆ ಕೇಂದ್ರದ ನಿಯಮದಂತೆ ಆಗ ಒಣಬೇಸಾಯಕ್ಕೆ ಹೆಕ್ಟೇರಿಗೆ 6,800, ನೀರಾವರಿಗೆ 13,500 ರೂಪಾಯಿ ಇತ್ತು. ರಾಜ್ಯ ಸರಕಾರ ಅದರ ಮೇಲೆ ಹೆಕ್ಟೇರಿಗೆ 10 ಸಾವಿರ ಸೇರಿಸಿತು. ಎಷ್ಟೇ ಹೊಲವಿದ್ದರೂ ಎರಡು ಹೆಕ್ಟೇರಿನ ಮಿತಿ. ಮನೆಯ ಹಣವೂ ಒಮ್ಮೆಲೇ ಬರುವುದಿಲ್ಲ. ಬುನಾದಿ ಆದ ಮೇಲೆ ಒಂದಿಷ್ಟು, ಗೋಡೆ ಎದ್ದ ಮೇಲೆ ಒಂದಿಷ್ಟು ಎಂದು ಕಂತುಗಳಲ್ಲಿ ಬರುತ್ತದೆ.

ಈ ಹಣವೆಲ್ಲ ಹೋಗುವುದು ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಇಲ್ಲಿಯೇ ಒಂದು ದೊಡ್ಡ ಬಿರುಕು ಇದೆ. ನಮ್ಮ ಭಾಗದಲ್ಲಿ ಅನೇಕ ಬಡ ಕುಟುಂಬಗಳು ಇತರರ ಹೊಲವನ್ನು ಲಾವಣಿಗೋ ಪಾಲಿಗೋ ಹಿಡಿದು ದುಡಿಯುತ್ತವೆ. ಉಳುವವನೇ ಒಡೆಯನಾಗಬೇಕೆಂಬ ಆಶಯದಿಂದ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು. ಅದರ ನಂತರ ಹೊಲವನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ಮನ್ನಣೆ ಬಹುಮಟ್ಟಿಗೆ ಇಲ್ಲವಾಯಿತು. ಆಶಯ ದೊಡ್ಡದು. ಲಕ್ಷಾಂತರ ಗೇಣಿದಾರರಿಗೆ ಅದರಿಂದ ಭೂಮಿಯೂ ಸಿಕ್ಕಿತು. ಆದರೆ ಲಾವಣಿ ನಿಲ್ಲಲಿಲ್ಲ. ಅದು ಬಾಯಿಮಾತಿನಲ್ಲಿ ಮುಂದುವರಿಯಿತು. ಹೊಲದ ಒಡೆಯನಿಗೆ ಮುಂಗಡ ಕೊಟ್ಟು, ಸಾಲ ಮಾಡಿ ಬಿತ್ತಿ, ಬೆಳೆ ಕಳೆದುಕೊಂಡವನ ಬಳಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಪರಿಹಾರ ಒಡೆಯನ ಖಾತೆಗೆ ಹೋಗುತ್ತದೆ. ಒಡೆಯನು ದೇವಭಯವುಳ್ಳವನಾದರೆ ಹಂಚಿಕೊಳ್ಳುತ್ತಾನೆ. ಇಲ್ಲವಾದರೆ ಕೇಳುವವರಿಲ್ಲ.

ಇವರಿಗಿಂತ ಕೆಳಗೆ ಕೃಷಿ ಕೂಲಿಕಾರರಿದ್ದಾರೆ. ಬೆಳೆಯಿಲ್ಲದ ಹೊಲದಲ್ಲಿ ಕೂಲಿಯಿಲ್ಲ. ಕಳೆ ತೆಗೆಯುವ ಹೆಣ್ಣುಮಗಳು ಕಳೆದುಕೊಂಡ ಎರಡು ತಿಂಗಳ ಕೂಲಿ ಯಾವ ಬೆಳೆ ಸಮೀಕ್ಷೆಯಲ್ಲೂ ಬರುವುದಿಲ್ಲ. ಸರಕಾರದ ಜಾಗದಲ್ಲಿ ಮನೆ ಕಟ್ಟಿಕೊಂಡು ದಾಖಲೆಯಿಲ್ಲದವರು, ನೀರಿನಲ್ಲಿ ಆಧಾರ್ ಮತ್ತು ರೇಷನ್ ಕಾರ್ಡು ಕಳೆದುಕೊಂಡವರು, ಮಗ ಊರು ಬಿಟ್ಟುಹೋದ ನಂತರ ಒಂಟಿಯಾಗಿರುವ ವಿಧವೆಯರು, ಇವರೆಲ್ಲ ಪಟ್ಟಿಯ ಹೊರಗೆ ಉಳಿಯುವ ಸಂಭವವೇ ಹೆಚ್ಚು. ಸರಕಾರದ ಕೈ ಎಲ್ಲಿಗೆ ಮುಟ್ಟುವುದಿಲ್ಲವೋ ಅಲ್ಲಿಗೆ ನೆರೆಯವನ ಕೈ ಮುಟ್ಟಬೇಕು. ನಮ್ಮ ದಾನದ ಮೊದಲ ಹಕ್ಕುದಾರರು ಇವರೇ.

ಕೊಡದಿರಲು ನಾವು ಹೇಳುವ ಕಾರಣಗಳು

ಎರಡನೆಯ ಮಾತೊಂದು ಕೇಳಿಬರುತ್ತದೆ. ಕಬ್ಬಿನ ರೈತರು ಶ್ರೀಮಂತರು, ಟ್ರ್ಯಾಕ್ಟರ್ ಇದ್ದವರು, ಅವರಿಗೇಕೆ ದಾನ ಎಂದು. ಟ್ರ್ಯಾಕ್ಟರ್ ಇದ್ದವರೂ ಇದ್ದಾರೆ, ನಿಜ. ಆ ಟ್ರ್ಯಾಕ್ಟರ್ ಸಾಲದ್ದೂ ಆಗಿರಬಹುದು. ಏನೇ ಇರಲಿ, ನಾವು ಟ್ರ್ಯಾಕ್ಟರ್ ಇದ್ದವನ ಮನೆಗೆ ಹೋಗಬೇಕಾಗಿಲ್ಲ. ಎರಡು ಎಕರೆಯವನ, ಲಾವಣಿಯವನ, ಕೂಲಿಯವಳ ಮನೆಗೆ ಹೋಗೋಣ. ಶ್ರೀಮಂತ ರೈತನ ಹೆಸರು ಹೇಳಿ ಬಡ ರೈತನಿಗೆ ಬಾಗಿಲು ಮುಚ್ಚುವುದು ನ್ಯಾಯವಲ್ಲ.

ಮೂರನೆಯ ಮಾತು, ಪ್ರತಿಸಲ ನೀರು ಬರುವ ಜಾಗದಲ್ಲಿ ಇವರೇಕೆ ಇರಬೇಕು ಎಂಬುದು. ಹೊಲ ನದಿಯ ದಂಡೆಯಲ್ಲಿದ್ದರೆ ರೈತನೂ ಅಲ್ಲಿಯೇ ಇರಬೇಕಾಗುತ್ತದೆ. 2009ರ ಭೀಕರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನೇ ಕಟ್ಟಲಾಯಿತು. ಕೆಲವೆಡೆ ಜನರು ಹೋಗಿ ನೆಲೆಸಿದರು. ಇನ್ನು ಕೆಲವೆಡೆ ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ ಎಂಬ ಕಾರಣಗಳಿಂದ ಮನೆಗಳು ಖಾಲಿ ಉಳಿದವು. ಕೊಡುವವರು ಪಡೆಯುವವರನ್ನು ಕೇಳದೆ ಕೊಟ್ಟರೆ ಕೋಟಿಗಟ್ಟಲೆ ಹಣವೂ ಗೋಡೆಯಾಗಿ ನಿಲ್ಲುತ್ತದೆಯೇ ಹೊರತು ಮನೆಯಾಗುವುದಿಲ್ಲ. ನಮ್ಮ ಸಣ್ಣ ಹಣಕ್ಕೂ ಇದೇ ಪಾಠ ಅನ್ವಯಿಸುತ್ತದೆ.

ನಾಲ್ಕನೆಯ ಮಾತು ಪ್ರಾಮಾಣಿಕವಾದುದು. ನಾವೇ ಬಡವರು, ನಮ್ಮ ಓಣಿಗೂ ನೀರು ಬರುತ್ತದೆ, ನಾವು ಏನು ಕೊಡುವುದು ಎಂಬ ಪ್ರಶ್ನೆ ಅದು. ಇಲ್ಲಿ ಕುಳಿತವರಲ್ಲಿ ತರಕಾರಿ ಗಾಡಿಯವರಿದ್ದೀರಿ, ದರ್ಜಿಗಳಿದ್ದೀರಿ, ಗ್ಯಾರೇಜಿನವರಿದ್ದೀರಿ. 2019ರ ಅದೇ ಬಕ್ರೀದಿನ ಹೊತ್ತಿನಲ್ಲಿ ಕೇರಳದಲ್ಲಿಯೂ ನೆರೆ ಬಂದಿತ್ತು. ಕೊಚ್ಚಿಯ ಬ್ರಾಡ್‌ವೇ ಬೀದಿಯಲ್ಲಿ ಬಟ್ಟೆ ಮಾರುತ್ತಿದ್ದ ಒಬ್ಬ ಸಾಮಾನ್ಯ ವ್ಯಾಪಾರಿ, ಹಬ್ಬದ ಮಾರಾಟಕ್ಕೆಂದು ತಂದಿಟ್ಟಿದ್ದ ಹೊಸ ಬಟ್ಟೆಗಳನ್ನು ಗೋಣಿಚೀಲಗಳಲ್ಲಿ ತುಂಬಿ ಸ್ವಯಂಸೇವಕರಿಗೆ ಒಪ್ಪಿಸಿದ ಸುದ್ದಿ ದೇಶದಾದ್ಯಂತ ಹರಡಿತ್ತು. ಅವರು ಕೊಟ್ಟದ್ದು ಮನೆಯಲ್ಲಿ ಬೇಡವಾದ ಬಟ್ಟೆಯಲ್ಲ, ಲಾಭ ತರಬೇಕಾಗಿದ್ದ ಸರಕು. ಎಲ್ಲರೂ ಅಷ್ಟು ಕೊಡಲಾರರು, ಕೊಡಬೇಕಾಗಿಯೂ ಇಲ್ಲ. ಆದರೆ ದಾನ ಶ್ರೀಮಂತರ ಕೆಲಸ ಎಂಬ ಭ್ರಮೆಯನ್ನು ಅದು ಕಳೆಯುತ್ತದೆ.

ಇನ್ನೊಂದು ಸತ್ಯವನ್ನೂ ನೆನಪಿಡಿ. ಹಳ್ಳಿಗೂ ನಮಗೂ ಹಳೆಯ ಋಣವಿದೆ. ಈ ಸೀಮೆಯ ಹಿಂದಿನ ಆಯದ ಪದ್ಧತಿಯಲ್ಲಿ ಸುಗ್ಗಿಯ ಕಣದಲ್ಲಿ ಬಡಿಗ, ಕಂಬಾರ, ಕುಂಬಾರರಿಗೆ ಅಳೆದುಕೊಟ್ಟಂತೆ ಊರಿನ ಮುಲ್ಲಾನಿಗೂ ಕಾಳು ಅಳೆದುಕೊಡುತ್ತಿದ್ದರು. ಅಳೆಯುವ ಕೈ ಜಾತಿ, ಮತ ಕೇಳಲಿಲ್ಲ. ಇಂದಿಗೂ ಪಟ್ಟಣದ ಸಂತೆ, ಅಂಗಡಿ, ಗ್ಯಾರೇಜು ನಡೆಯುವುದು ಹಳ್ಳಿಯ ಹಣದಿಂದಲೇ. ಕಬ್ಬಿನ ಬಿಲ್ಲು ಬಾರದ ವರ್ಷ ಮದುವೆಯ ಬಟ್ಟೆ ಮಾರಾಟವಾಗುವುದಿಲ್ಲ, ಕರದಂಟಿನ ಅಂಗಡಿಯಲ್ಲೂ ಗಿರಾಕಿ ಕಡಿಮೆ. ರೈತ ಎದ್ದು ನಿಂತರೆ ಪೇಟೆ ನಿಲ್ಲುತ್ತದೆ.

ಯಾವಾಗ ಕೊಡಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ರೈತನಿಗೆ ತನ್ನದೇ ಆದ ಕಾಲಪಟ್ಟಿಯಿದೆ. ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ನೀರು ಬರುತ್ತದೆ. ಮುಂಗಾರಿ ಬೆಳೆ ಹೋಗುತ್ತದೆ. ಆದರೆ ಸೆಪ್ಟೆಂಬರ್ ಕೊನೆಯಿಂದ ಹಿಂಗಾರಿ ಬಿತ್ತನೆ ಆರಂಭವಾಗುತ್ತದೆ. ಬಿಳಿಜೋಳ, ಕಡಲೆ, ಗೋಧಿ ಬಿತ್ತಬಹುದು. ನೆರೆಯ ಮಣ್ಣಿನಲ್ಲಿ ತೇವ ಇದ್ದೇ ಇರುತ್ತದೆ. ಆ ಐದಾರು ವಾರಗಳಲ್ಲಿ ಬೀಜ, ಉಳುಮೆಯ ಬಾಡಿಗೆ ಮತ್ತು ಎತ್ತುಗಳ ಮೇವು ಸಿಕ್ಕರೆ ಕುಟುಂಬವು ಫೆಬ್ರವರಿಯ ಹೊತ್ತಿಗೆ ತನ್ನದೇ ಜೋಳದ ರೊಟ್ಟಿ ತಿನ್ನುತ್ತದೆ. ಸಿಗದಿದ್ದರೆ ಮುಂದಿನ ಮುಂಗಾರಿಯವರೆಗೆ ಹೊಲ ಬೀಳು, ಮನೆ ಸಾಲ. ಎತ್ತು ಮಾರಿದವನು, ಮಗನನ್ನು ಕಾಲೇಜು ಬಿಡಿಸಿ ಪುಣೆಗೋ ಗೋವಾಕ್ಕೋ ಕೂಲಿಗೆ ಕಳುಹಿಸಿದವನು ಮತ್ತೆ ಮೊದಲಿನ ಸ್ಥಿತಿಗೆ ಬರಲು ವರ್ಷಗಳೇ ಬೇಕು.

ಆಗಸ್ಟ್‌ನ ಮೊದಲ ವಾರ ಎಲ್ಲರೂ ಅನ್ನ ಕೊಡುತ್ತಾರೆ. ಸೆಪ್ಟೆಂಬರ್‌ನಲ್ಲಿ ಬೀಜ ಕೊಡುವವರು ಯಾರು? ಆ ಹೊತ್ತಿಗೆ ಪತ್ರಿಕೆಗಳಲ್ಲಿ ಬೇರೆ ಸುದ್ದಿ ಬಂದಿರುತ್ತದೆ, ಚಂದಾ ಪೆಟ್ಟಿಗೆಗಳು ಒಳಗೆ ಸೇರಿರುತ್ತವೆ. ಆದ್ದರಿಂದ ನನ್ನ ವಿನಂತಿ ಇಷ್ಟು. ಕೂಡಿಸಿದ ಹತ್ತು ರೂಪಾಯಿಯಲ್ಲಿ ನಾಲ್ಕನ್ನು ತಕ್ಷಣದ ಅಗತ್ಯಕ್ಕೆ ಬಳಸೋಣ. ಆರನ್ನು ಹಿಂಗಾರಿ ಬಿತ್ತನೆಗೆ, ಮೇವಿಗೆ, ಮೋಟಾರಿನ ದುರಸ್ತಿಗೆ ಕಾದಿರಿಸೋಣ.

ಅದಕ್ಕೆ ಹಣ ಮೊದಲೇ ಇರಬೇಕು. ಒಂದು ಮನೆ ದಿನಕ್ಕೆ 5 ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 1,825 ರೂಪಾಯಿಯಾಗುತ್ತದೆ. 500 ಮನೆಗಳು ಸೇರಿದರೆ 9 ಲಕ್ಷ 12 ಸಾವಿರದ 500. ಒಂದು ಚಹಾದ ಬೆಲೆಗೂ ಕಡಿಮೆ ಹಣವಿದು. ನೆರೆ ಬಂದ ದಿನ 500 ಮನೆಗಳಿಂದ ಒಮ್ಮೆಲೇ ಇಷ್ಟು ಎತ್ತುವುದು ಸುಲಭವಲ್ಲ, ವರ್ಷವಿಡೀ ಎತ್ತುವುದು ಕಷ್ಟವಲ್ಲ. ಮಕ್ಕಳ ಕೈಯಿಂದಲೇ ಡಬ್ಬಿಗೆ ಹಾಕಿಸಿರಿ. ಕೊಡುವ ಅಭ್ಯಾಸ ಮನೆಯಲ್ಲಿ ಬೆಳೆಯಲಿ. ನೆರೆ ಬಾರದ ವರ್ಷ ಆ ಹಣ ಬರಕ್ಕೆ ಆಗುತ್ತದೆ.

ಝಕಾತ್ ವಿಷಯದಲ್ಲಿ ಒಂದು ಮಾತು. ಝಕಾತ್‌ಗೆ ಗೊತ್ತುಪಡಿಸಲಾದ ಎಂಟು ವಿಭಾಗಗಳಲ್ಲಿ ಬಡವರು, ನಿರ್ಗತಿಕರು ಮಾತ್ರವಲ್ಲದೆ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ನೆರೆಯಲ್ಲಿ ಬೆಳೆ ಕಳೆದುಕೊಂಡ ನಮ್ಮ ಸಮುದಾಯದ ಸಣ್ಣ ರೈತರನ್ನು ಈ ದೃಷ್ಟಿಯಿಂದ ಗುರುತಿಸಬೇಕು. ಝಕಾತ್ ಹಂಚಿಕೆಯ ವಿವರಗಳಲ್ಲಿ ವಿದ್ವಾಂಸರ ಮಾರ್ಗದರ್ಶನ ಪಡೆಯಿರಿ. ಆದರೆ ಸದಕಕ್ಕೆ ಅಂತಹ ಯಾವ ಗೆರೆಯೂ ಇಲ್ಲ. ಹಿಂದೂ, ಮುಸ್ಲಿಮ್, ಜೈನ ಯಾರ ಹೊಲ ಮುಳುಗಿದರೂ ಅದು ಸಲ್ಲುತ್ತದೆ. ನಮ್ಮ ಧರ್ಮಶಾಸ್ತ್ರವು ರೈತನ ಕಷ್ಟವನ್ನು ಎಷ್ಟು ಸೂಕ್ಷ್ಮವಾಗಿ ಅರಿತಿದೆ ನೋಡಿರಿ. ಮಳೆಯಿಂದ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲಿ ಒಂದು ಪಾಲು ಝಕಾತ್. ಕೊಯ್ಲಿಗೆ ಮುನ್ನವೇ ಬೆಳೆ ನಾಶವಾದರೆ ಆ ಹೊಣೆಯೇ ಇಲ್ಲ. ಬೆಳೆ ಕಳೆದುಕೊಂಡವನಿಂದ ಕೇಳದ ಧರ್ಮ, ಉಳಿಸಿಕೊಂಡವರಿಂದ ಕೇಳದೆ ಇರುತ್ತದೆಯೇ?

ಹೇಗೆ ಕೊಡಬೇಕು?

ಮೊದಲನೆಯದಾಗಿ, ಹಳೆಯ ಬಟ್ಟೆಯ ರಾಶಿ ಬೇಡ. ಹರಿದ ಸೀರೆ, ಗುಂಡಿಯಿಲ್ಲದ ಅಂಗಿಗಳನ್ನು ವಿಂಗಡಿಸುವುದರಲ್ಲೇ ಸ್ವಯಂಸೇವಕರ ದಿನ ಕಳೆಯುತ್ತದೆ. ನಾವು ಉಡಲಾರದ್ದನ್ನು ಇತರರು ಉಡಲಿ ಎನ್ನುವುದು ದಾನವಲ್ಲ. ಹಣ ಕೊಡಿರಿ, ಇಲ್ಲವೇ ಕೇಳಿದ ವಸ್ತುವನ್ನೇ ಕೊಡಿರಿ.

ಎರಡನೆಯದಾಗಿ, ಕೈಕಸುಬನ್ನೂ ದಾನ ಮಾಡಬಹುದು. ನಮ್ಮಲ್ಲಿ ಮೋಟಾರು ವೈಂಡಿಂಗ್ ಬಲ್ಲವರಿದ್ದೀರಿ, ಎಲೆಕ್ಟ್ರಿಷಿಯನ್‌ಗಳಿದ್ದೀರಿ, ಗೌಂಡಿಗಳಿದ್ದೀರಿ, ವೆಲ್ಡಿಂಗ್ ಮಾಡುವವರಿದ್ದೀರಿ. ನೀರು ಇಳಿದ ನಂತರ ತಿಂಗಳಿಗೆ ನಾಲ್ಕು ದಿನ ಕೂಲಿ ಪಡೆಯದೆ ದುಡಿದರೆ ಎಷ್ಟು ಪಂಪ್‌ಸೆಟ್ಟುಗಳು ಮತ್ತೆ ತಿರುಗುತ್ತವೆ! ಓದಿದ ಯುವಕ ಯುವತಿಯರು ಕಳೆದುಹೋದ ದಾಖಲೆಗಳಿಗೆ ಅರ್ಜಿ ಬರೆದುಕೊಡಲಿ, ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರನ್ನು ತಹಶೀಲ್ದಾರರ ಕಚೇರಿಗೆ ಕರೆದೊಯ್ಯಲಿ. ಒಂದು ಸರಿಯಾದ ಅರ್ಜಿಯಿಂದ ಒಂದು ಕುಟುಂಬಕ್ಕೆ ಸಿಗುವ ಪರಿಹಾರ ನಮ್ಮ ಚಂದಾಕ್ಕಿಂತ ದೊಡ್ಡದಾಗಿರಬಹುದು.

ಮೂರನೆಯದಾಗಿ, ದಾನವನ್ನು ಬೇಡುವ ಅಭ್ಯಾಸವಿಲ್ಲದ ರೈತರಿಗೆ ಬಡ್ಡಿಯಿಲ್ಲದ ಸಾಲ ಕೊಡೋಣ. ಕರ್ಝೆ ಹಸನ್ ನಮಗೆ ಹೊಸದಲ್ಲ. ಬೀಜಕ್ಕೆ ಕೊಟ್ಟ ಹಣವನ್ನು ಸುಗ್ಗಿಯಾದ ಮೇಲೆ ತಿರುಗಿ ಕೊಡುವವನು ತಲೆಯೆತ್ತಿ ನಡೆಯುತ್ತಾನೆ. ಅದೇ ಹಣ ಮತ್ತೊಬ್ಬನ ಹೊಲಕ್ಕೆ ಹೋಗುತ್ತದೆ.

ನಾಲ್ಕನೆಯದಾಗಿ, ಮರ್ಯಾದೆ. ಸಾವಿರಾರು ಜನರಿಗೆ ಅನ್ನ ಬೆಳೆದುಕೊಟ್ಟವನು ಸಾಲಿನಲ್ಲಿ ನಿಂತು ಅಕ್ಕಿಯ ಚೀಲ ಹಿಡಿಯುವಾಗ ಅವನ ಮುಖವನ್ನು ಮೊಬೈಲಿನಲ್ಲಿ ಸೆರೆಹಿಡಿಯಬೇಡಿರಿ. ಅದನ್ನು ಹತ್ತು ಗುಂಪುಗಳಿಗೆ ಕಳುಹಿಸಬೇಡಿರಿ. ಬ್ಯಾನರ್ ಹಿಡಿದು ನಿಂತ ಹತ್ತು ಜನರ ನಡುವೆ ಒಬ್ಬ ವೃದ್ಧೆಗೆ ಹೊದಿಕೆ ಕೊಡುವ ಚಿತ್ರ ಯಾರ ಗೌರವವನ್ನೂ ಹೆಚ್ಚಿಸುವುದಿಲ್ಲ. ರಾತ್ರಿ ಬಾಗಿಲು ತಟ್ಟಿ ಕೊಟ್ಟು ಬಂದರೆ ಅಲ್ಲಾಹನು ನೋಡುತ್ತಾನೆ, ಅಷ್ಟು ಸಾಕು.

ಐದನೆಯದಾಗಿ, ಲೆಕ್ಕ. ಜನರು ಕೊಡಲು ಹಿಂಜರಿಯುವುದು ಕೆಲವೊಮ್ಮೆ ಜಿಪುಣತನದಿಂದಲ್ಲ, ಅನುಮಾನದಿಂದ. ಪ್ರತಿ ರೂಪಾಯಿಗೂ ರಶೀದಿ ಇರಲಿ. ಬಂದದ್ದು ಎಷ್ಟು, ಹೋದದ್ದು ಎಲ್ಲಿಗೆ ಎಂಬುದನ್ನು ಮಸೀದಿಯ ಸೂಚನಾ ಫಲಕದಲ್ಲಿ ತಿಂಗಳಿಗೊಮ್ಮೆ ಹಚ್ಚಿರಿ. ಪಡೆದವರ ಹೆಸರು ಬೇಡ, ಊರು ಮತ್ತು ಕೆಲಸದ ವಿವರ ಸಾಕು. ಫಲಾನುಭವಿಗಳನ್ನು ಆರಿಸುವಾಗ ಆಯಾ ಊರಿನ ಎಲ್ಲ ಸಮುದಾಯಗಳ ಹಿರಿಯರನ್ನು, ಶಾಲೆಯ ಮಾಸ್ತರರನ್ನು, ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿರಿ. ಯಾರ ಒಲೆ ಉರಿಯುತ್ತಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸ್ವಂತವಾಗಿ ಇಷ್ಟೆಲ್ಲ ಮಾಡಲಾಗದವರು ಮುಖ್ಯಮಂತ್ರಿಗಳ ಪರಿಹಾರ ನಿಧಿಗೋ ನಂಬಿಕೆಯುಳ್ಳ ಸಂಸ್ಥೆಗೋ ಕೊಟ್ಟು ರಶೀದಿ ಪಡೆಯಲಿ.

ಸಹೋದರಿಯರಿಗೆ ಒಂದು ವಿಶೇಷ ವಿನಂತಿ. ನೆರೆಯ ಮನೆಗಳ ಹೆಂಗಸರ ಅಗತ್ಯಗಳನ್ನು ಗಂಡಸರ ಸಮಿತಿಗಳು ಮರೆಯುತ್ತವೆ. ಬಾಣಂತಿಗೆ ಬೇಕಾದುದು, ಹದಿಹರೆಯದ ಹುಡುಗಿಗೆ ಬೇಕಾದುದು, ಕೆಸರು ತೆಗೆದ ಮನೆಯಲ್ಲಿ ಮತ್ತೆ ಅಡುಗೆ ಆರಂಭಿಸಲು ಬೇಕಾದ ಪಾತ್ರೆ ಪರಡಿ ಇವೆಲ್ಲ ನೀವು ಕೇಳಿದರೆ ಮಾತ್ರ ಹೊರಬರುತ್ತವೆ. ನಿಮ್ಮ ತಂಡವೊಂದು ಹಳ್ಳಿಗೆ ಹೋಗಬೇಕು, ಅಡುಗೆಮನೆಯವರೆಗೆ ಹೋಗಬೇಕು.

ಸನ್ಮಾನ್ಯರೇ, ಘಟ್ಟದ ಮಳೆಯನ್ನು ನಾವು ತಡೆಯಲಾರೆವು. ಹಿಡಕಲ್‌ನ ಬಾಗಿಲುಗಳು ನಮ್ಮ ಕೈಯಲ್ಲಿಲ್ಲ. ಆದರೆ ನೀರು ಇಳಿದ ನಲವತ್ತನೆಯ ದಿನ ಒಬ್ಬ ಲಾವಣಿ ರೈತ ಬೀಜಕ್ಕಾಗಿ ಬಡ್ಡಿಯವನ ಬಾಗಿಲಿಗೆ ಹೋಗಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಈ ಸಭೆ ಮುಗಿದ ಮೇಲೆ ಬಾಗಿಲಲ್ಲಿ ಒಂದು ದಾಖಲೆ ಪುಸ್ತಕ ಇಟ್ಟಿರುತ್ತಾರೆ. ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಎಂಬುದನ್ನು, ಕಸುಬು ಬಲ್ಲವರು ಎಷ್ಟು ದಿನ ಕೊಡಬಲ್ಲಿರಿ ಎಂಬುದನ್ನು ಅದರಲ್ಲಿ ಬರೆಯಿರಿ. ಕಡಿಮೆಯಾದರೂ ಚಿಂತೆಯಿಲ್ಲ, ಬರೆದದ್ದನ್ನು ತಪ್ಪದೆ ಸಲ್ಲಿಸಿರಿ.

ಅಲ್ಲಾಹನು ನಮ್ಮ ಸಣ್ಣ ಪ್ರಯತ್ನವನ್ನು ಸ್ವೀಕರಿಸಲಿ. ಹೊಲ ಕಳೆದುಕೊಂಡವರ ಮನೆಗಳಲ್ಲಿ ಮತ್ತೆ ಸುಗ್ಗಿ ಬರಲಿ. ಆಮೀನ್.